ಮೌನಸಭೆ ಮತ್ತು ಗುಲಾಮಗಿರಿಯ ಪ್ರಶ್ನೆ: ಪೆನ್ಸಿಲ್ವೇನಿಯದ ಕ್ವೇಕರರು, ೧೬೮೮–೧೭೭೬

೧

ಕ್ವೇಕರರೆಂಬ ಹೆಸರು ನಮ್ಮ ಓದುಗರಿಗೆ ತೀರ ಅಪರಿಚಿತವಲ್ಲ. ಗಾಂಧೀಜಿಯವರ ಸ್ನೇಹವಲಯಕ್ಕೆ ಸೇರಿದ್ದ ಹೊರೇಸ್ ಅಲೆಗ್ಸಾಂಡರ್, ಅಗಾಥಾ ಹ್ಯಾರಿಸನ್, ಮಾರ್ಜರಿ ಸೈಕ್ಸ್ ಮೊದಲಾದವರು ಈ ಪಂಥದವರು. ೧೯೪೭ರ ನೊಬೆಲ್ ಶಾಂತಿ ಪಾರಿತೋಷಕವು ಬ್ರಿಟನ್ ಮತ್ತು ಅಮೆರಿಕಗಳ ಎರಡು ಕ್ವೇಕರ್ ಸೇವಾಸಂಸ್ಥೆಗಳಿಗೆ ಸಂದಿತು. ಹೀಗೆ ಇವರ ಸೇವೆಯನ್ನು ನಾವು ಬಲ್ಲೆವು. ಆ ಸೇವೆಯ ಬೇರಾಗಿರುವ ಮೌನಾರಾಧನೆಯೂ ಆ ಆರಾಧನೆಯಿಂದಲೇ ರೂಪುಗೊಂಡ ಸಭಾಕ್ರಮವೂ ನಮಗೆ ಅಷ್ಟಾಗಿ ತಿಳಿದಿಲ್ಲ.

ಮೌನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಏಕಾಂತ: ಗುಹೆಯ ಮುನಿ, ವ್ರತಸ್ಥ, ಸೋಮವಾರದ ದಿನ ಮಾತನಾಡದ ಗಾಂಧೀಜಿ. ಕ್ವೇಕರರ ಮೌನ ಇದಲ್ಲ. ಅದು ಊರವರೆಲ್ಲ ಒಂದೇ ಕೊಠಡಿಯಲ್ಲಿ ಕುಳಿತು ಒಟ್ಟಾಗಿ ಆಚರಿಸುವ ಮೌನ. ಅದೇ ಜನ, ಅದೇ ಬೆಂಚುಗಳ ಮೇಲೆ, ಅದೇ ಮೌನದಿಂದ ತೊಡಗಿ ಮದುವೆ, ಸಾಲ, ಬಡವರ ಪೋಷಣೆ, ನೆರೆಹೊರೆಯವರ ವ್ಯಾಜ್ಯ ಮುಂತಾದ ಲೌಕಿಕ ವಿಷಯಗಳನ್ನೂ ತೀರ್ಮಾನಿಸುತ್ತಿದ್ದರು. ತೀರ್ಮಾನಕ್ಕೆ ಮತ ಎಣಿಸುವ ಪದ್ಧತಿ ಅವರಲ್ಲಿ ಇರಲಿಲ್ಲ, ಇಂದಿಗೂ ಇಲ್ಲ. ಇಂತಹ ಸಭೆಯೊಂದರ ಮುಂದೆ ಸದಸ್ಯರ ಸ್ವಾರ್ಥಕ್ಕೆ ನೇರವಾಗಿ ತಗಲುವ ಒಂದು ಘೋರ ಅನ್ಯಾಯದ ಪ್ರಶ್ನೆ ಬಂದಾಗ ಏನಾಯಿತು? ಅದರ ಮೌನವು ಅಂತಃಸಾಕ್ಷಿಯನ್ನು ಎಚ್ಚರಿಸಿತೋ, ಅಥವಾ ಅದಕ್ಕೆ ಮುಸುಕು ಹಾಕಿತೋ? ಉತ್ತರ ಅಮೆರಿಕದ ಪೆನ್ಸಿಲ್ವೇನಿಯ ಮತ್ತು ನ್ಯೂಜೆರ್ಸಿ ಪ್ರಾಂತಗಳ ಕ್ವೇಕರ್ ಸಭೆಗಳು ಗುಲಾಮಗಿರಿಯ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಆಧರಿಸಿ ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಈ ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್ (೧೬೨೪–೧೬೯೧). ಇಂಗ್ಲೆಂಡಿನ ಲೆಸ್ಟರ್‌ಷೈರಿನ ನೇಕಾರನೊಬ್ಬನ ಮಗ. ಚಿಕ್ಕಂದಿನಲ್ಲಿ ಜೋಡು ಹೊಲಿಯುವವನ ಬಳಿ ಕೆಲಸ ಕಲಿತವನು. ಅಂತರ್ಯುದ್ಧದಿಂದ ಇಂಗ್ಲೆಂಡು ತತ್ತರಿಸುತ್ತಿದ್ದ ಕಾಲದಲ್ಲಿ ಆತನು ಊರೂರು ಅಲೆದು, ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೇವರ ಒಳಬೆಳಕು ಇದೆ, ಅದನ್ನು ಕಾಣಲು ಪುರೋಹಿತನ ನಡುಗಾರಿಕೆ ಬೇಕಿಲ್ಲ ಎಂದು ಬೋಧಿಸಿದನು. ೧೬೫೨ರಲ್ಲಿ ಇಂಗ್ಲೆಂಡಿನ ಉತ್ತರಭಾಗದ ಫರ್ಬ್ಯಾಂಕ್ ಗುಡ್ಡದ ಮೇಲೆ ಆತನು ಮಾಡಿದ ಉಪನ್ಯಾಸ, ಅದರ ಬೆನ್ನಲ್ಲೇ ಸ್ವಾರ್ತ್‌ಮೋರ್ ಮನೆಯ ಒಡತಿ ಮಾರ್ಗರೆಟ್ ಫೆಲ್ ಆತನ ಮಾತಿಗೆ ಒಲಿದುದು, ಇವೆರಡರಿಂದ ಪಂಥಕ್ಕೆ ನೆಲೆ ದೊರೆಯಿತು. ತಮ್ಮನ್ನು ಅವರು ‘ಮಿತ್ರರು’ ಎಂದು ಕರೆದುಕೊಂಡರು. ದೇವರ ಮಾತಿಗೆ ನಡುಗಬೇಕೆಂದು ಫಾಕ್ಸನು ಹೇಳಿದ್ದನ್ನು ೧೬೫೦ರಲ್ಲಿ ಡಾರ್ಬಿಯ ನ್ಯಾಯಾಧೀಶನೊಬ್ಬನು ಹಾಸ್ಯಮಾಡಿ ‘ನಡುಗುವವರು’ ಎಂದು ಹೆಸರಿಟ್ಟನಂತೆ. ಕ್ವೇಕರ್ ಎಂಬ ಪದಕ್ಕೆ ಅದೇ ಅರ್ಥ.

ಅವರ ಸಭಾಗೃಹದಲ್ಲಿ ವೇದಿಕೆಯಿಲ್ಲ, ಶಿಲುಬೆಯಿಲ್ಲ, ಚಿತ್ರವಿಲ್ಲ, ಗಂಟೆಯಿಲ್ಲ. ಸುಣ್ಣ ಬಳಿದ ಗೋಡೆ, ಮರದ ಬೆಂಚು, ಇಷ್ಟೇ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಮತ್ತೊಂದು ಕಡೆ ಕೂಡುತ್ತಿದ್ದರು. ಹಿರಿಯರಿಗೂ ಉಪದೇಶದ ವರವುಳ್ಳವರೆಂದು ಸಭೆಯು ಒಪ್ಪಿದವರಿಗೂ ಎದುರಿನಲ್ಲಿ ಜನರತ್ತ ಮುಖಮಾಡಿದ ಬೆಂಚುಗಳು ಮೀಸಲಾಗಿದ್ದವು. ಬಂದವರು ಸುಮ್ಮನೆ ಕುಳಿತುಕೊಳ್ಳುವರು. ಪಠನವಿಲ್ಲ, ಸಂಗೀತವಿಲ್ಲ. ಒಳಗಿನಿಂದ ಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತು ಹೇಳಿ ಕುಳಿತರೆ ಮತ್ತೆ ಮೌನ. ಕೆಲವು ದಿನ ಒಂದು ಮಾತೂ ಹೊರಡದೆ ಸಭೆ ಮುಗಿಯುವುದುಂಟು. ಕೊನೆಗೆ ಹಿರಿಯರಿಬ್ಬರು ಕೈಕುಲುಕುವರು. ಆರಾಧನೆ ಮುಗಿಯಿತೆಂಬುದಕ್ಕೆ ಅದೇ ಸೂಚನೆ.

ಇಲ್ಲಿ ಮೌನವೇ ಗುರಿಯಲ್ಲ, ಅದು ಕಾಯುವಿಕೆ. ತನ್ನ ಯೋಚನೆಗಳ ಗದ್ದಲ ಅಡಗಿದ ಮೇಲೆ ಏಳುವ ಮಾತು ಯಾವುದು, ತನ್ನ ಜಾಣತನವನ್ನು ಮೆರೆಯಲು ಹೊರಡುವ ಮಾತು ಯಾವುದು ಎಂಬುದನ್ನು ಬೇರ್ಪಡಿಸುವುದೇ ಅಲ್ಲಿಯ ಸಾಧನೆ. ಮುಂದೆ ನಮ್ಮ ಕಥೆಯಲ್ಲಿ ಮುಖ್ಯಪಾತ್ರವಾಗುವ ಜಾನ್ ವುಲ್ಮನ್ ತನ್ನ ದಿನಚರಿಯಲ್ಲಿ ಇದರ ಒಂದು ನಿದರ್ಶನವನ್ನು ಬರೆದಿಟ್ಟಿದ್ದಾನೆ. ತಾರುಣ್ಯದಲ್ಲಿ ಒಮ್ಮೆ ಆತನು ಸಭೆಯಲ್ಲಿ ಎದ್ದು ಮಾತನಾಡಿದನು. ಪ್ರೇರಣೆಯಿದ್ದಷ್ಟಕ್ಕೆ ನಿಲ್ಲಿಸದೆ ಕೆಲವು ಮಾತು ಹೆಚ್ಚು ಆಡಿಬಿಟ್ಟೆನೆಂದು ಬಳಿಕ ಆತನಿಗೆ ತೋರಿತು. ಅದಕ್ಕಾಗಿ ವಾರಗಟ್ಟಲೆ ಪರಿತಪಿಸಿ, ಮತ್ತೆ ಬಾಯಿ ತೆರೆಯಲು ಬಹಳ ಕಾಲ ಕಾದನು.

ಈ ನಿರುಪದ್ರವ ಸಭೆಗಳನ್ನು ಇಂಗ್ಲೆಂಡಿನ ಸರಕಾರ ಸಹಿಸಲಿಲ್ಲ. ೧೬೬೨, ೧೬೬೪ ಮತ್ತು ೧೬೭೦ರ ಕಾನೂನುಗಳ ಮೇರೆಗೆ ಸಾವಿರಾರು ಮಿತ್ರರು ಸೆರೆಮನೆ ಸೇರಿದರು. ೧೬೮೨ರಲ್ಲಿ ಬ್ರಿಸ್ಟಲ್ ನಗರದ ಮಿತ್ರರಲ್ಲಿ ದೊಡ್ಡವರೆಲ್ಲ ಬಂದಿಗಳಾದಾಗ, ಮಕ್ಕಳೇ ಕೂಡಿ ಸಭೆಯನ್ನು ನಡೆಸಿಕೊಂಡು ಬಂದರು. ಪುರೋಹಿತನೂ ಮಂತ್ರವೂ ಬೇಡವಾದ ಆರಾಧನೆಗೆ ಮಾತ್ರ ಇದು ಸಾಧ್ಯವಾಗುವಂತಹದು.

೩

ಹಿಂಸೆಗೆ ಸಿಕ್ಕಿದ ಪಂಥಕ್ಕೆ ಕಟ್ಟುಪಾಡು ಬೇಕು. ೧೬೬೦ರ ದಶಕದ ಕೊನೆಯಲ್ಲಿ ಫಾಕ್ಸನು ದೇಶವನ್ನೆಲ್ಲ ಸುತ್ತಿ ಮಾಸಿಕ ಸಭೆಗಳನ್ನು ಸ್ಥಾಪಿಸಿದನು. ನೆರೆಯ ಕೆಲವು ಆರಾಧನಾಕೂಟಗಳು ಸೇರಿ ಒಂದು ಮಾಸಿಕ ಸಭೆ. ಅದರ ಮೇಲೆ ತ್ರೈಮಾಸಿಕ ಸಭೆ. ಎಲ್ಲಕ್ಕೂ ಮೇಲೆ ವಾರ್ಷಿಕ ಸಭೆ. ಸದಸ್ಯನ ಬಾಳಿನ ಎಲ್ಲ ಮುಖಗಳೂ ಮಾಸಿಕ ಸಭೆಯ ಕಣ್ಣಿಗೆ ಬೀಳುತ್ತಿದ್ದವು. ಮದುವೆಯಾಗಬಯಸುವವರು ತಮ್ಮ ಉದ್ದೇಶವನ್ನು ಮೊದಲು ಸಭೆಗೆ ತಿಳಿಸಬೇಕು. ಅಡ್ಡಿಯಿಲ್ಲವೆಂದು ವಿಚಾರಿಸಿ ತಿಳಿದ ಮೇಲೆ ಮೌನಸಭೆಯ ನಡುವೆ ವಧೂವರರು ತಾವೇ ಎದ್ದು ಪರಸ್ಪರ ವಚನ ಕೊಡುವರು. ಅಲ್ಲಿ ನೆರೆದವರೆಲ್ಲ ಪತ್ರಕ್ಕೆ ರುಜು ಹಾಕುವರು. ಬೇರೆ ಊರಿಗೆ ಹೋಗುವವನು ಸಾಲಸೋಲಗಳಿಲ್ಲದ ಸಚ್ಚಾರಿತ್ರ್ಯವುಳ್ಳವನೆಂಬ ಪತ್ರವನ್ನು ತನ್ನ ಸಭೆಯಿಂದ ಪಡೆದು ಹೊಸ ಊರಿನ ಸಭೆಗೆ ಒಪ್ಪಿಸಬೇಕು. ಬಡವಿಗೆ ಸೌದೆ, ಅನಾಥ ಬಾಲಕನಿಗೆ ಕಸುಬು, ಮಿತ್ರರೊಳಗಿನ ವ್ಯಾಜ್ಯಕ್ಕೆ ಪಂಚಾಯತಿ ಇವೆಲ್ಲ ಸಭೆಯ ಹೊಣೆ. ಸಾಲ ತೀರಿಸಲಾರದೆ ದಿವಾಳಿಯೆದ್ದವನನ್ನೂ, ಹೊರಗಿನವರನ್ನು ಮದುವೆಯಾದವನನ್ನೂ ವಿಚಾರಣೆ ಮಾಡಿ, ಪಶ್ಚಾತ್ತಾಪ ತೋರದಿದ್ದರೆ ಸದಸ್ಯತ್ವದಿಂದ ತೆಗೆದುಹಾಕುತ್ತಿದ್ದರು.

ಈ ಸಭೆಗಳ ತೀರ್ಮಾನದ ಕ್ರಮ ವಿಲಕ್ಷಣವಾದುದು. ಅಧ್ಯಕ್ಷನಿಲ್ಲ, ಕರಣಿಕನೊಬ್ಬನಿರುವನು. ಮೌನದಿಂದ ಸಭೆ ಆರಂಭವಾಗುವುದು. ವಿಷಯವನ್ನು ಮಂಡಿಸಿದ ಮೇಲೆ ಒಬ್ಬೊಬ್ಬರಾಗಿ ಮಾತನಾಡುವರು. ಮಾತು ಬಿರುಸಾದರೆ ಕರಣಿಕನು ಮೌನವನ್ನು ಬೇಡುವನು. ಸಭೆಯ ಮನಸ್ಸು ಯಾವ ಕಡೆಗೆ ನಿಂತಿತೆಂದು ತನಗೆ ತೋರುವುದೋ ಅದನ್ನು ಅಲ್ಲಿಯೇ ಬರೆದು ಓದುವನು. ಎಲ್ಲರೂ ಒಪ್ಪಿದರೆ ಅದೇ ನಡವಳಿ. ಬಹುಮತಕ್ಕೆ ಇಲ್ಲಿ ಬೆಲೆಯಿಲ್ಲ. ಗಣ್ಯರಾದ ಕೆಲವರು ಬಲವಾಗಿ ವಿರೋಧಿಸಿದರೆ ವಿಷಯ ಮುಂದಿನ ತಿಂಗಳಿಗೆ ಹೋಗುವುದು. ಹೀಗೆ ಮಾಡಿದ ತೀರ್ಮಾನ ಸೋತವರನ್ನು ಹಿಂದೆ ಬಿಡುವುದಿಲ್ಲವೆಂಬುದು ಇದರ ಗುಣ. ಇದರ ದೋಷವೇನೆಂಬುದನ್ನು ಮುಂದಿನ ಚರಿತ್ರೆ ತೋರಿಸುತ್ತದೆ.

೪

೧೬೮೧ರಲ್ಲಿ ಕ್ವೇಕರನಾದ ವಿಲಿಯಂ ಪೆನ್ನನಿಗೆ ಇಂಗ್ಲೆಂಡಿನ ದೊರೆಯಿಂದ ಪೆನ್ಸಿಲ್ವೇನಿಯದ ಸನದು ದೊರೆಯಿತು. ಮತಸ್ವಾತಂತ್ರ್ಯದ ಆಸೆಯಿಂದ ಜನ ಅಲ್ಲಿಗೆ ಹರಿದು ಬಂದರು. ಆದರೆ ೧೬೮೪ರಲ್ಲಿಯೇ ‘ಇಸಬೆಲ’ ಎಂಬ ಹಡಗು ನೂರೈವತ್ತು ಆಫ್ರಿಕನರನ್ನು ಫಿಲಡೆಲ್ಫಿಯದ ದಡಕ್ಕೆ ತಂದಿಳಿಸಿತು. ಅವರನ್ನು ಕೊಂಡವರಲ್ಲಿ ಮಿತ್ರರೂ ಇದ್ದರು. ಸ್ವತಃ ಪೆನ್ನನೂ ಗುಲಾಮರ ಒಡೆಯನಾಗಿದ್ದನು. ೧೬೭೧ರಲ್ಲಿ ಬಾರ್ಬಡೋಸ್ ದ್ವೀಪಕ್ಕೆ ಹೋಗಿದ್ದ ಫಾಕ್ಸನು ಗುಲಾಮರನ್ನು ಸೌಮ್ಯವಾಗಿ ನಡೆಸಿಕೊಂಡು, ಕೆಲಕಾಲದ ಸೇವೆಯ ಅನಂತರ ಬಿಡುಗಡೆ ಮಾಡಬೇಕೆಂದು ಬೋಧಿಸಿದ್ದನೇ ಹೊರತು ಪದ್ಧತಿಯನ್ನೇ ಖಂಡಿಸಿರಲಿಲ್ಲ.

ಖಂಡನೆಯ ಮೊದಲ ಧ್ವನಿ ಫಿಲಡೆಲ್ಫಿಯದ ಬಳಿಯ ಜರ್ಮನ್‌ಟೌನ್ ಎಂಬ ಸಣ್ಣ ಊರಿನಿಂದ ಎದ್ದಿತು. ೧೬೮೩ರಲ್ಲಿ ಕ್ರೇಫೆಲ್ಡ್ ಪ್ರದೇಶದಿಂದ ವಲಸೆ ಬಂದ ಕುಟುಂಬಗಳು ಕಟ್ಟಿದ ಊರು ಅದು. ೧೬೮೮ರ ಏಪ್ರಿಲಿನಲ್ಲಿ ಅಲ್ಲಿಯ ನಾಲ್ವರು ಒಂದು ಮನವಿಪತ್ರಕ್ಕೆ ರುಜು ಹಾಕಿದರು: ಕಾನೂನು ಓದಿದ ಪಂಡಿತ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಆಪ್ ಡೆನ್ ಗ್ರಾಫ್ ಮನೆತನದ ಡೆರಿಕ್ ಮತ್ತು ಅಬ್ರಹಾಂ, ಹಾಗೂ ಗ್ಯಾರೆಟ್ ಹೆಂಡೆರಿಕ್ಸ್. ಅವರ ಇಂಗ್ಲಿಷು ತೊಡಕಿನದು; ಪರಭಾಷೆಯಲ್ಲಿ ಬರೆಯುವವರ ತಡಕಾಟ ಸಾಲುಸಾಲಿನಲ್ಲಿ ಕಾಣುತ್ತದೆ. ಆದರೆ ವಾದದಲ್ಲಿ ತೊಡಕಿಲ್ಲ. ನಮಗೆ ಇತರರು ಹೇಗೆ ಮಾಡಬೇಕೆಂದು ಬಯಸುವೆವೋ ಹಾಗೆ ನಾವು ಇತರರಿಗೆ ಮಾಡಬೇಕೆಂಬ ಕ್ರಿಸ್ತನ ನಿಯಮಕ್ಕೆ ಮೈಬಣ್ಣದ ಭೇದವುಂಟೇ? ಕಡಲಿನಲ್ಲಿ ತುರುಕರ ಹಡಗನ್ನು ಕಂಡರೆ ಸೆರೆಸಿಕ್ಕಿ ಗುಲಾಮರಾಗುವ ಭಯದಿಂದ ನಡುಗುವ ನಾವು ಅದೇ ಕೆಲಸವನ್ನು ಮಾಡಬಹುದೇ? ಗಂಡನಿಂದ ಹೆಂಡತಿಯನ್ನು ಬೇರೆಮಾಡಿ ಮಾರುವುದು ವ್ಯಭಿಚಾರಕ್ಕೆ ದಾರಿಮಾಡಿದಂತಲ್ಲವೇ? ದನಗಳನ್ನು ನಡೆಸುವಂತೆ ಇಲ್ಲಿ ಕ್ವೇಕರರು ಮನುಷ್ಯರನ್ನು ನಡೆಸುತ್ತಾರೆಂಬ ಸುದ್ದಿ ಯೂರೋಪಿಗೆ ಮುಟ್ಟಿದರೆ ಏನು ಗತಿ? ಈ ಗುಲಾಮರು ಒಂದು ದಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದರೆ, ಅವರನ್ನು ಗುಲಾಮರಾಗಿ ಇಟ್ಟುಕೊಳ್ಳಲು ನಿಮಗಿರುವಷ್ಟೇ ಹಕ್ಕು ಹೋರಾಡಲು ಅವರಿಗಿಲ್ಲವೇ? ಇದು ಅವರ ಪ್ರಶ್ನಾವಳಿಯ ಸಾರ.

ಮನವಿಯ ಪ್ರಯಾಣವನ್ನು ಗಮನಿಸಬೇಕು. ಏಪ್ರಿಲ್ ತಿಂಗಳ ಕೊನೆಯಲ್ಲಿ ಕೂಡಿದ ಮಾಸಿಕ ಸಭೆ, ಇದು ಭಾರವಾದ ವಿಷಯ, ನಮ್ಮ ಕೈಗೆ ಮೀರಿದುದು ಎಂದು ಜೂನಿನ ತ್ರೈಮಾಸಿಕ ಸಭೆಗೆ ಕಳುಹಿಸಿತು. ಅದೂ ಹಾಗೆಯೇ ಹೇಳಿ ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಕಳುಹಿಸಿತು. ಬರ್ಲಿಂಗ್ಟನ್ ಪಟ್ಟಣದಲ್ಲಿ ನೆರೆದ ವಾರ್ಷಿಕ ಸಭೆ, ಬೇರೆ ಪ್ರದೇಶಗಳಿಗೂ ಸಂಬಂಧಪಟ್ಟ ವಿಷಯವಾದುದರಿಂದ ನಿಶ್ಚಿತವಾದ ಅಭಿಪ್ರಾಯ ಕೊಡುವುದು ಉಚಿತವಲ್ಲವೆಂದು ನಡವಳಿಯಲ್ಲಿ ಬರೆದು ಮುಗಿಸಿತು. ಮೂರು ಸಭೆಗಳಲ್ಲಿ ಒಂದಾದರೂ ವಾದವನ್ನು ಖಂಡಿಸಲಿಲ್ಲ. ಒಂದೂ ಅದಕ್ಕೆ ಉತ್ತರ ಕೊಡಲಿಲ್ಲ. ಕಚೇರಿಗಳ ಕಡತ ನೋಡಿ ಬಲ್ಲವರಿಗೆ ಈ ಬಗೆಯ ವಿಲೇವಾರಿ ಹೊಸದಲ್ಲ. ಮನವಿಯ ಮೂಲಪ್ರತಿ ಕಣ್ಮರೆಯಾಗಿ, ೧೮೪೪ರಲ್ಲಿ ಬೆಳಕಿಗೆ ಬಂದು, ಮತ್ತೆ ಕಾಣೆಯಾಗಿ, ೨೦೦೫ರಲ್ಲಿ ಫಿಲಡೆಲ್ಫಿಯದ ಆರ್ಚ್ ಸ್ಟ್ರೀಟ್ ಸಭಾಗೃಹದ ಭದ್ರಕೋಣೆಯಲ್ಲಿ ಪುನಃ ದೊರಕಿತು.

೫

ಬಳಿಕ ಅರ್ಧ ಶತಮಾನ ಪ್ರಶ್ನೆ ಏಳುತ್ತ, ಅಡಗುತ್ತ ನಡೆಯಿತು. ೧೬೯೬ರಲ್ಲಿ ವಾರ್ಷಿಕ ಸಭೆ ಹೊಸದಾಗಿ ಆಫ್ರಿಕನರನ್ನು ತರಿಸುವುದಕ್ಕೆ ಉತ್ತೇಜನ ಕೊಡಬಾರದೆಂದು ಬುದ್ಧಿ ಹೇಳಿತು. ಬುದ್ಧಿ ಹೇಳಿತೇ ಹೊರತು ಕಟ್ಟಳೆ ಮಾಡಲಿಲ್ಲ. ಚೆಸ್ಟರ್ ಪ್ರದೇಶದ ಮಿತ್ರರು ೧೭೧೧ರಿಂದ ಹಲವು ಸಲ ಈ ವಿಷಯವನ್ನು ಎತ್ತಿದರು. ಪ್ರತಿಸಲವೂ ಐಕಮತ್ಯಕ್ಕೆ ಭಂಗ ಬರುವುದೆಂಬ ಕಾರಣದಿಂದ ಮೃದುವಾದ ಉತ್ತರ ದೊರೆಯಿತು. ಕಾರಣ ದೂರದಲ್ಲಿರಲಿಲ್ಲ. ಆ ಕಾಲದ ವಾರ್ಷಿಕ ಸಭೆಯ ಮುಖಂಡರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರ ಒಡೆಯರಾಗಿದ್ದರೆಂದು ಜೀನ್ ಸೋಡರ್‌ಲಂಡ್ ಎಂಬ ಇತಿಹಾಸಕಾರ್ತಿ ೧೯೮೫ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಎದುರಿನ ಬೆಂಚಿನ ಮೇಲೆ ಕುಳಿತವರೇ ಒಡೆಯರಾಗಿರುವಾಗ ಎಲ್ಲರ ಒಪ್ಪಿಗೆ ಬೇಕೆಂಬ ನಿಯಮ ಅವರ ಕೈಯಲ್ಲಿ ತಡೆಯಾಜ್ಞೆಯಾಯಿತು.

ಈ ತಡೆಯನ್ನು ಮುರಿಯಲು ಹೊರಟವರಲ್ಲಿ ಬೆಂಜಮಿನ್ ಲೇ ಪ್ರಸಿದ್ಧನು. ನಾಲ್ಕಡಿ ಎತ್ತರದ ಗೂನುಬೆನ್ನಿನ ಮನುಷ್ಯ, ಹಿಂದೆ ನಾವಿಕನಾಗಿದ್ದವನು. ಬಾರ್ಬಡೋಸಿನಲ್ಲಿ ಅಂಗಡಿಯಿಟ್ಟಿದ್ದಾಗ ಗುಲಾಮರ ಪಾಡನ್ನು ಕಣ್ಣಾರೆ ಕಂಡಿದ್ದನು. ಅಬಿಂಗ್ಟನ್ ಬಳಿ ಗುಹೆಯಂತಹ ಮನೆಯಲ್ಲಿ ವಾಸಿಸಿ, ಮಾಂಸವನ್ನೂ ಗುಲಾಮರ ದುಡಿಮೆಯಿಂದ ಬಂದ ಪದಾರ್ಥಗಳನ್ನೂ ತ್ಯಜಿಸಿ, ತನ್ನ ಬಟ್ಟೆಯನ್ನು ತಾನೇ ನೂತು ತೊಡುತ್ತಿದ್ದನು. ಸಭೆಯ ಅನುಮತಿಯಿಲ್ಲದೆ ಬರೆದ ಆತನ ಗ್ರಂಥವನ್ನು ಬೆಂಜಮಿನ್ ಫ್ರಾಂಕ್ಲಿನ್ ಅಚ್ಚುಮಾಡಿಕೊಟ್ಟನು. ೧೭೩೮ರಲ್ಲಿ ಬರ್ಲಿಂಗ್ಟನ್ ವಾರ್ಷಿಕ ಸಭೆಗೆ ಆತನು ಸೈನಿಕನ ಉಡುಪಿನ ಮೇಲೆ ನಿಲುವಂಗಿ ಹೊದ್ದು ಬಂದನು. ಒಳಗೆ ಕೊರೆದ ಪುಸ್ತಕವೊಂದರಲ್ಲಿ ಕೆಂಪು ಹಣ್ಣಿನ ರಸದ ಚೀಲವನ್ನು ಅಡಗಿಸಿದ್ದನು. ಎದ್ದು ನಿಂತು ನಿಲುವಂಗಿಯನ್ನು ಕಳಚಿ, ಸಹಜೀವಿಗಳನ್ನು ದಾಸ್ಯದಲ್ಲಿಡುವವರ ರಕ್ತವನ್ನು ದೇವರು ಹೀಗೆ ಚೆಲ್ಲುವನೆಂದು ಕೂಗಿ ಕತ್ತಿಯಿಂದ ಪುಸ್ತಕವನ್ನು ತಿವಿದನು. ರಸ ಹತ್ತಿರ ಕುಳಿತವರ ಮೇಲೆ ಸಿಡಿಯಿತು. ಆತನನ್ನು ಎತ್ತಿ ಹೊರಗೆ ಹಾಕಿದರು. ಸಮಾಜವೂ ಆತನನ್ನು ತನ್ನವನಲ್ಲವೆಂದು ಸಾರಿತು.

ಜಾನ್ ವುಲ್ಮನ್ (೧೭೨೦–೧೭೭೨) ಹಿಡಿದ ದಾರಿ ಬೇರೆ. ನ್ಯೂಜೆರ್ಸಿಯ ಬರ್ಲಿಂಗ್ಟನ್ ಜಿಲ್ಲೆಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಮೌಂಟ್ ಹಾಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಒಂದು ದಿನ ಒಡೆಯನು ತಾನು ಮಾರಿದ ನೀಗ್ರೋ ಹೆಂಗಸಿನ ಕ್ರಯಪತ್ರವನ್ನು ಬರೆಯಲು ಹೇಳಿದನು. ಕೊಳ್ಳುವವನು ಎದುರಿಗೇ ಕಾದಿದ್ದನು. ಆತನೂ ಮಿತ್ರನೇ, ವಯಸ್ಸಾದವನು. ವುಲ್ಮನ್ ಪತ್ರವನ್ನು ಬರೆದನು. ಆದರೆ ಮನಸ್ಸು ಕಲಕಿ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದದೆಂದು ಇಬ್ಬರ ಮುಂದೆಯೂ ಹೇಳಿದನು. ಮುಂದೆ ಇಂತಹ ಪತ್ರಗಳನ್ನು ಬರೆಯಲು ಆತನು ಒಪ್ಪಲಿಲ್ಲ. ಗುಲಾಮರನ್ನು ಮಕ್ಕಳಿಗೆ ಹಂಚುವ ಮರಣಶಾಸನ ಬರೆಸಲು ಬಂದವರಿಗೆ ತನ್ನ ಸಂಕಟವನ್ನು ತಿಳಿಸುತ್ತಿದ್ದನು; ಕೆಲವರು ಅದನ್ನು ಕೇಳಿ ಗುಲಾಮರಿಗೆ ಬಿಡುಗಡೆ ಬರೆಸಿದರು.

ಈ ಮನುಷ್ಯನ ಲೆಕ್ಕದ ನಿಷ್ಠೆಗೆ ಒಂದು ನಿದರ್ಶನ. ಮತ್ತೊಬ್ಬನೊಡನೆ ಜಂಟಿಯಾಗಿ ಮರಣಶಾಸನವೊಂದರ ನಿರ್ವಾಹಕನಾಗಿದ್ದಾಗ ಆತನು ನೀಗ್ರೋ ಹುಡುಗನೊಬ್ಬನನ್ನು ಮೂವತ್ತು ವಯಸ್ಸಿನವರೆಗೆ ದುಡಿಯುವ ಕರಾರಿನ ಮೇಲೆ ಮಾರಿದ್ದನು. ವರ್ಷಗಳ ಮೇಲೆ ಆ ವ್ಯವಹಾರ ಆತನ ಮನಸ್ಸನ್ನು ಕೊರೆಯತೊಡಗಿತು. ಬಿಳಿಯ ಬಾಲಕನಾಗಿದ್ದರೆ ಇಪ್ಪತ್ತೊಂದಕ್ಕೆ ಬಿಡುಗಡೆ. ಹೆಚ್ಚಾದದ್ದು ಒಂಬತ್ತು ವರ್ಷ. ಇಬ್ಬರು ನಿರ್ವಾಹಕರಲ್ಲಿ ತನ್ನ ಪಾಲು ನಾಲ್ಕೂವರೆ ವರ್ಷ. ಆ ನಾಲ್ಕೂವರೆ ವರ್ಷದ ನ್ಯಾಯವಾದ ಬೆಲೆಯನ್ನು ಕೊಂಡವನಿಗೆ ತಾನು ತೆತ್ತು ಹುಡುಗನನ್ನು ಬಿಡಿಸುವೆನೆಂದು, ತನ್ನ ವಾರಸುದಾರರನ್ನೂ ಕಟ್ಟುವಂತೆ, ಮುಚ್ಚಳಿಕೆ ಬರೆದುಕೊಟ್ಟನು. ಬ್ಯಾಂಕಿನ ವೃತ್ತಿಯಲ್ಲಿ ನಾನಾ ಬಗೆಯ ಮುಚ್ಚಳಿಕೆಗಳನ್ನು ನೋಡಿರುವ ನನಗೆ, ಯಾರೂ ಕೇಳದ ಸಾಲವನ್ನು ತಾನಾಗಿ ತನ್ನ ಹೆಸರಿಗೆ ಬರೆದುಕೊಂಡ ಇಂತಹ ಪತ್ರ ಅಪೂರ್ವವೆಂದು ತೋರುತ್ತದೆ.

ವ್ಯಾಪಾರ ಅತಿಯಾಗಿ ಬೆಳೆಯಿತೆಂದು ವುಲ್ಮನ್ ಅಂಗಡಿಯನ್ನು ಬಿಟ್ಟು ದರ್ಜಿಯ ಕೆಲಸದಿಂದಲೂ ತೋಟದಿಂದಲೂ ಜೀವಿಸಿದನು. ದಕ್ಷಿಣ ಪ್ರಾಂತಗಳಲ್ಲಿ ಸಂಚರಿಸುವಾಗ ಗುಲಾಮರಿಂದ ಉಪಚಾರ ಪಡೆದರೆ, ಅವರ ದುಡಿಮೆಯ ಕೂಲಿಯೆಂದು ಹಣವನ್ನು ಕೊಟ್ಟು ಬರುತ್ತಿದ್ದನು. ೧೭೫೪ರಲ್ಲಿ ಗುಲಾಮಗಿರಿಯನ್ನು ಕುರಿತ ಆತನ ಗ್ರಂಥ ಪ್ರಕಟವಾಯಿತು; ಈ ಸಲ ಸಮಾಜದ ಒಪ್ಪಿಗೆ ಪಡೆದೇ. ಇಷ್ಟರಲ್ಲಿ ಹಳೆಯ ಮುಖಂಡರು ತೀರಿಕೊಂಡು, ಗುಲಾಮರಿಲ್ಲದ ಹೊಸ ತಲೆಮಾರು ಎದುರಿನ ಬೆಂಚಿಗೆ ಬಂದಿತ್ತು. ಗಡಿಯಲ್ಲಿ ಯುದ್ಧವೆದ್ದು, ೧೭೫೬ರಲ್ಲಿ ಹಲವು ಮಿತ್ರರು ಶಾಸನಸಭೆಯ ಸ್ಥಾನಗಳನ್ನು ಬಿಟ್ಟುಕೊಟ್ಟಿದ್ದರು. ನಮ್ಮ ಯಾವ ಪಾಪಕ್ಕೆ ಈ ವಿಪತ್ತು ಎಂಬ ಆತ್ಮಪರೀಕ್ಷೆ ಹಬ್ಬಿತ್ತು.

೧೭೫೮ರ ಫಿಲಡೆಲ್ಫಿಯ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಮತ್ತೆ ಬಂದಿತು. ಕಾದು ನೋಡೋಣ, ದೇವರೇ ದಾರಿ ತೋರುವನು ಎಂದು ಕೆಲವರು ಹೇಳಿದರು. ಬಹಳ ಹೊತ್ತು ಮೌನವಾಗಿದ್ದ ವುಲ್ಮನ್ ಎದ್ದನು. ದಬ್ಬಾಳಿಕೆಗೆ ಸಿಕ್ಕವರ ಕೂಗು ದೇವರಿಗೆ ಮುಟ್ಟಿದೆ. ನಮ್ಮ ಕರ್ತವ್ಯವೇನೆಂದು ಆತನು ನಮಗೆ ತಿಳಿಸಿಯಾಗಿದೆ. ಕೆಲವರ ಸ್ವಂತ ಲಾಭವನ್ನೂ ಸ್ನೇಹವನ್ನೂ ಲೆಕ್ಕಿಸಿ ಇನ್ನೂ ತಡಮಾಡಿದರೆ ದೇವರು ಭಯಂಕರ ರೀತಿಯಲ್ಲಿ ಉತ್ತರ ಕೊಡಬಹುದು. ಇದು ಆತನ ಮಾತಿನ ತಾತ್ಪರ್ಯ. ಕಾಯುವುದನ್ನೇ ಧರ್ಮವೆಂದು ನಂಬಿದ ಸಭೆಗೆ, ಕಾಯುವ ಕಾಲ ಮುಗಿಯಿತೆಂದು ಅದರದೇ ಭಾಷೆಯಲ್ಲಿ ಹೇಳಬಲ್ಲವನು ಬೇಕಾಗಿದ್ದನು. ಸಭೆ ಒಪ್ಪಿತು. ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರನ್ನು ವ್ಯವಹಾರಸಭೆಗಳಿಂದ ದೂರವಿಡಬೇಕೆಂದೂ, ಇಟ್ಟುಕೊಂಡವರ ಮನೆಗಳಿಗೆ ಹೋಗಿ ಮನವೊಲಿಸಬೇಕೆಂದೂ ನಿರ್ಧಾರವಾಯಿತು. ವುಲ್ಮನ್ ಮತ್ತು ಇತರ ನಾಲ್ವರು ಆ ಕೆಲಸಕ್ಕೆ ನೇಮಕಗೊಂಡರು. ಮನೆಯಿಂದ ಮನೆಗೆ ನಡೆದ ಈ ಭೇಟಿಗಳೂ ಎಷ್ಟೋ ಸಲ ಮೌನದಲ್ಲಿ ಕುಳಿತೇ ಮೊದಲಾಗುತ್ತಿದ್ದವು. ೧೭೭೬ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾದ ವರ್ಷವೇ, ಗುಲಾಮರನ್ನು ಬಿಡುಗಡೆ ಮಾಡಲೊಪ್ಪದ ಸದಸ್ಯರನ್ನು ಸಮಾಜದಿಂದ ಹೊರಗಿಡಬೇಕೆಂದು ವಾರ್ಷಿಕ ಸಭೆ ಕಟ್ಟಳೆ ಮಾಡಿತು. ಡೆಲಾವೇರಿನ ವಾರ್ನರ್ ಮಿಫ್ಲಿನ್‌ನಂತಹವರು ಬಿಡುಗಡೆಯೊಡನೆ ಹಿಂದಿನ ದುಡಿಮೆಯ ಕೂಲಿಯನ್ನೂ ತೆತ್ತರು. ಪೆನ್ಸಿಲ್ವೇನಿಯ ಸರಕಾರದ ಕ್ರಮೇಣ ವಿಮೋಚನೆಯ ಕಾನೂನು ಬಂದದ್ದು ೧೭೮೦ರಲ್ಲಿ.

೬

ಜರ್ಮನ್‌ಟೌನಿನ ಪತ್ರದಿಂದ ಈ ಕಟ್ಟಳೆಯವರೆಗೆ ಎಂಬತ್ತೆಂಟು ವರ್ಷ. ಕ್ವೇಕರರ ಪರವಾಗಿ ಹೇಳಬಹುದಾದುದು ಇಷ್ಟು: ಗುಲಾಮರ ದುಡಿಮೆಯಿಂದ ಲಾಭ ಪಡೆಯುತ್ತಿದ್ದ ಸಮಾಜವೊಂದು ರಾಜಶಾಸನದ ಒತ್ತಾಯವಿಲ್ಲದೆ, ರಕ್ತಪಾತವಿಲ್ಲದೆ, ತನ್ನ ಸದಸ್ಯರೆಲ್ಲರಿಂದ ಆ ಲಾಭವನ್ನು ಬಿಡಿಸಿತು. ಬಹುಮತದಿಂದ ಬೇಗನೆ ಮಾಡಿದ ನಿರ್ಣಯವಾಗಿದ್ದರೆ ಸಮಾಜ ಎರಡಾಗಿ ಒಡೆದು, ಒಡೆಯರ ಪಕ್ಷ ಗುಲಾಮರೊಡನೆ ತನ್ನ ದಾರಿ ಹಿಡಿಯುತ್ತಿತ್ತೆಂದು ವಾದಿಸುವವರುಂಟು. ಆ ವಾದದಲ್ಲಿ ಹುರುಳಿಲ್ಲದಿಲ್ಲ.

ಆದರೆ ಐಕಮತ್ಯದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಕೇಳಬೇಕು. ಸಭೆಯ ಸಮಾಧಾನ ಕೆಡದಿರಲೆಂದು ಕಾದ ಒಂದೊಂದು ವರ್ಷವೂ ಸಭೆಯಲ್ಲಿ ಬಾಯಿಲ್ಲದ ಜನರ ಆಯುಸ್ಸಿನಿಂದ ಕಳೆದ ವರ್ಷ. ಎಲ್ಲರ ಒಪ್ಪಿಗೆ ಎಂದಾಗ ಆ ‘ಎಲ್ಲರಲ್ಲಿ’ ಅವರು ಸೇರಿರಲಿಲ್ಲ. ಬಿಡುಗಡೆಯ ಅನಂತರವೂ ಅವರಿಗೆ ಸಭೆಯಲ್ಲಿ ಸಮನಾದ ಸ್ಥಾನ ದೊರೆಯಲಿಲ್ಲ. ಫಿಲಡೆಲ್ಫಿಯದ ಆಫ್ರಿಕನ್ ವಂಶದ ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಾಸ್, ಮೌನಾರಾಧನೆಗೆ ಬಂದ ತನ್ನ ತಾಯಿಯನ್ನೂ ತನ್ನನ್ನೂ ಕಪ್ಪು ಜನರಿಗೆಂದು ಬೇರೆಯಿಟ್ಟ ಬೆಂಚಿನ ಮೇಲೆ ಕೂರಿಸುತ್ತಿದ್ದುದನ್ನು ೧೮೩೦ರ ದಶಕದಲ್ಲಿ ನೋವಿನಿಂದ ಬರೆದಿದ್ದಾಳೆ. ಒಳಬೆಳಕು ಎಲ್ಲರಲ್ಲಿಯೂ ಒಂದೇ ಎಂದು ನಂಬಿದವರ ಸಭಾಗೃಹದಲ್ಲಿ ಆ ಬೆಂಚು ಇದ್ದಿತು.

ವುಲ್ಮನ್ನನ ಸೌಮ್ಯತೆಯೇ ಗೆದ್ದಿತು, ಲೇಯ ಉಗ್ರತೆ ಸೋತಿತು ಎಂದು ಹಿಂದಿನ ಲೇಖಕರು ಬರೆಯುತ್ತಿದ್ದರು. ಕಾಲಕ್ರಮವನ್ನು ನೋಡಿದರೆ ಅದು ಪೂರ್ಣಸತ್ಯವೆನಿಸುವುದಿಲ್ಲ. ಲೇ ಕೂಗಿದ ಇಪ್ಪತ್ತು ವರ್ಷಗಳ ಮೇಲೆ ಸಭೆ ವುಲ್ಮನ್ನನ ಮಾತಿಗೆ ಕಿವಿಗೊಟ್ಟಿತು; ಆ ಕೂಗನ್ನು ಕೇಳಿ ಬೆಳೆದ ತಲೆಮಾರು ಆಗ ಬೆಂಚುಗಳ ಮೇಲಿತ್ತು. ೧೭೫೮ರ ನಿರ್ಣಯದ ಸುದ್ದಿ ತಲಪಿದಾಗ ಲೇ ಇನ್ನೂ ಬದುಕಿದ್ದನು; ಇನ್ನು ನಿಶ್ಚಿಂತೆಯಿಂದ ಸಾಯುವೆನೆಂದು ಸಂತೋಷಪಟ್ಟನಂತೆ. ಮರುವರ್ಷ ತೀರಿಕೊಂಡ ಆತನನ್ನು ಅಬಿಂಗ್ಟನ್ ಸಭೆಯ ಶ್ಮಶಾನದಲ್ಲಿ ಗುರುತಿಲ್ಲದೆ ಹೂಳಿದರು. ೨೦೧೮ರಲ್ಲಿ ಅದೇ ಸಭೆ ಆತನಿಗೆ ಅಲ್ಲಿ ಒಂದು ಕಲ್ಲು ನೆಟ್ಟು, ಆತನ ನಡೆ ಮಿತ್ರರ ತತ್ತ್ವಕ್ಕೆ ಹೊಂದಿದುದೇ ಆಗಿತ್ತೆಂದು ಒಪ್ಪಿಕೊಂಡಿತು.